ನಮ್ಮ ಕಂಪನಿ ಲ್ಯಾಪ್‌ಟಾಪು, ಆಚೆ ಕಂಪನಿ ಲ್ಯಾಪ್‌ಟಾಪು

ನಾನು ಒಂದು ಸಲ ಒಂದು ಕಂಪನಿಯ ಸಾಮಾನು ಕೊಂಡರೆ ಮುಗಿಯಿತು, ಆಮೇಲೆ ಆ ಕಂಪನಿಯ ಮಾನಮರ್ಯಾದೆಯೆಲ್ಲ ನನ್ನ ಮೇಲೇ ಇದೆ ಎಂಬಂತೆ ಓಡಾಡುವವನು. ಇದನ್ನು ಗುಣವೆನ್ನಬೇಕೋ ರೋಗವೆನ್ನಬೇಕೋ ಐವತ್ತಮೂರು ವರ್ಷವಾದರೂ ತೀರ್ಮಾನವಾಗಿಲ್ಲ. ಹಲ್ಲುಜ್ಜುವ ಪೇಸ್ಟು, ಗಡ್ಡದ ಬ್ಲೇಡು, ಟೀ ಪುಡಿ ಎಲ್ಲವೂ ಮದುವೆಯಾದಾಗಿನಿಂದ ಅವೇ. ನೆಂಟರ ಮನೆಯಲ್ಲಿ ಯಾರಾದರೂ ನಮ್ಮ ಮಿಕ್ಸಿಯ ಕಂಪನಿಯನ್ನು ಆಡಿಕೊಂಡರೆ ನನಗೆ ಊಟ ಸೇರುವುದಿಲ್ಲ. "ಆ ಕಂಪನಿಯೋರು ನಿಮ್ಮನ್ನ ಒಂದು ಸಲನಾದ್ರೂ ಮಾತಾಡಿಸಿದಾರೇನ್ರೀ?" ಎಂದು ನನ್ನ ಹೆಂಡತಿ ಕೇಳಿದ್ದುಂಟು. ಮಾತಾಡಿಸಿಲ್ಲ, ನಿಜ. ಆದರೆ ಅಭಿಮಾನ ಇಟ್ಟುಕೊಳ್ಳಲು ಪರಿಚಯವೇ ಬೇಕೆಂದೇನೂ ಇಲ್ಲವಲ್ಲ.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಚನ್ನಬಸಪ್ಪನವರ ಬಳಿ ನಾನು ಮ್ಯಾನೇಜರು. ಗಂಡಸಿಯಲ್ಲೊಂದು, ಬೇಲೂರಿನಲ್ಲೊಂದು ಚಿಕ್ಕ ಆಫೀಸಿದೆ. ಮೂರು ಕಡೆಯೂ ಒಂದೇ ಕಂಪನಿಯ ಲ್ಯಾಪ್‌ಟಾಪು. ಏಳೆಂಟು ವರ್ಷದ ಹಿಂದೆ ಮೂರನ್ನೂ ಆರಿಸಿದವನು ನಾನೇ. ಅವತ್ತಿನಿಂದ ಅದು ನನಗೆ 'ನಮ್ಮ ಕಂಪನಿ', ಮಿಕ್ಕವೆಲ್ಲ 'ಆಚೆ ಕಂಪನಿ'. ಕೊಬ್ಬರಿ ಮೂಟೆಗಳ ಮಧ್ಯೆ, ಆ ಧೂಳಿನಲ್ಲಿ, ಎಣ್ಣೆ ಕೈಗಳ ಕೆಳಗೆ ಅವು ಇಷ್ಟು ದಿನ ಬಾಳಿದ್ದೇ ದೊಡ್ಡದು. ಗಂಡಸಿಯ ಲ್ಯಾಪ್‌ಟಾಪಿನ ಕೀಬೋರ್ಡಿನೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಅದನ್ನೂ ನಾನು ಕುಂದೆಂದು ಎಣಿಸಲಿಲ್ಲ. ಇರುವೆಗೂ ಒಳ್ಳೆಯದು ಯಾವುದೆಂದು ಗೊತ್ತಾಗುತ್ತದೆ ಅಂದುಕೊಂಡೆ.

ಬೇಲೂರು ಆಫೀಸು ನೋಡಿಕೊಳ್ಳುವ ಗೀತಾ ಮಾತ್ರ ಸುಮ್ಮನಿರಲಿಲ್ಲ. ವಾರಕ್ಕೆರಡು ಸಲ ಫೋನು. "ಸಾರ್, ಇದನ್ನ ಆನ್ ಮಾಡಿ, ಬಾಗಿಲಿಗೆ ನೀರು ಹಾಕಿ, ಪೂಜೆ ಮುಗಿಸ್ಕಂಡು ಬಂದ್ರೂ ಇನ್ನೂ ತಿರುಗ್ತಾನೇ ಇರುತ್ತೆ."

"ಹಳೇದಾಯ್ತಲ್ಲಮ್ಮ. ಅದಕ್ಕೂ ವಯಸ್ಸಾಗುತ್ತೆ."

"ಹಂಗಾದ್ರೆ ಈ ಸಲ ಬೇರೆ ಕಂಪನೀದು ತರ್ಸಿ ಸಾರ್. ಹಳೇಬೀಡಲ್ಲಿ ನಮ್ಮಕ್ಕನ ಆಫೀಸಲ್ಲಿ ಐತೆ, ಚೆನ್ನಾಗಿ ನಡೀತೈತೆ."

ನಾನು ಒಪ್ಪಲಿಲ್ಲ. ಮಾತು ಯಜಮಾನರ ತನಕ ಹೋಯಿತು. ಚನ್ನಬಸಪ್ಪನವರು ಹತ್ತು ಕೊಬ್ಬರಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಒಂದು ಮೂಟೆ ಕೊಳ್ಳದ ಮನುಷ್ಯ. "ಎರಡೂ ಕಂಪನೀದು ಒಂದೊಂದು ತರ್ಸಿ ಕಣ್ರೀ. ಬೇಲೂರಲ್ಲಿ ಒಂದು ವಾರ ಇಟ್ಟು ನೋಡೋಣ. ಯಾವುದು ಬಾಳ್ತದೋ ಅದನ್ನೇ ಮೂರು ಕಡೀಗೂ ತಗೊಂಡ್ರಾಯ್ತು" ಎಂದರು. ಮೂರು ಮಾರಾಟವಾಗುತ್ತವೆಂಬ ಆಸೆಗೆ ಹಾಸನದ ಅಂಗಡಿಯವರೂ ಒಪ್ಪಿ, ವಾರದ ಮಟ್ಟಿಗೆ ಎರಡು ಹೊಸ ಲ್ಯಾಪ್‌ಟಾಪು ಕೊಟ್ಟರು. ನಾನೇ ಬಸ್ಸಿನಲ್ಲಿ ಹೊತ್ತುಕೊಂಡು ಬೇಲೂರಿಗೆ ಹೋದೆ.

ಇನ್ನು ಹೇಳುವುದು ಸ್ವಲ್ಪ ನಾಚಿಕೆಯ ವಿಷಯ. ಬೇಲೂರು ಆಫೀಸಿನಲ್ಲಿ ಎರಡು ಮೇಜಿವೆ. ಒಂದು ಫ್ಯಾನಿನ ಕೆಳಗೆ, ತಂಪಾದ ಜಾಗ, ಗಟ್ಟಿ ಪ್ಲಗ್ಗು. ಇನ್ನೊಂದು ಕಿಟಕಿಯ ಪಕ್ಕ. ಹತ್ತು ಗಂಟೆಯಾದರೆ ಬಿಸಿಲು ನೇರ ಮುಖಕ್ಕೇ ಬೀಳುತ್ತದೆ. ಅಲ್ಲಿಯ ಪ್ಲಗ್ಗು ಎಷ್ಟು ಸಡಿಲವೆಂದರೆ, ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಕರೆಂಟು.

"ಯಾವುದು ಎಲ್ಲಿಡ್ಲಿ ಸಾರ್?" ಎಂದು ಗೀತಾ ಕೇಳಿದಳು.

"ಆ ಆಚೆ ಕಂಪನೀದು ಕಿಟಕಿ ಹತ್ರ ಇರ್ಲಮ್ಮ. ಬೆಳಕು ಚೆನ್ನಾಗಿದೆ" ಎಂದೆ.

ಅವಳು ಕಿಟಕಿ ನೋಡಿದಳು, ನನ್ನನ್ನು ನೋಡಿದಳು, ಅಲ್ಲೇ ಇಟ್ಟಳು. ವಾಪಸು ಬರುವಾಗ ಬಸ್ಸು ಹಳೇಬೀಡು ಬಿಡುವ ತನಕ ಮನಸ್ಸಿಗೆ ಚುಚ್ಚುತ್ತಿತ್ತು. ಜಾವಗಲ್ ದಾಟುವಷ್ಟರಲ್ಲಿ ನಾನು ಯಾವ ತಪ್ಪನ್ನೂ ಮಾಡಿಲ್ಲವೆಂದು ನನಗೆ ಪೂರ್ತಿ ಮನವರಿಕೆಯಾಗಿತ್ತು.

ಆರನೆಯ ದಿನ ಫಲಿತಾಂಶ ನೋಡಲು ಮತ್ತೆ ಹೋದೆ. ಅವತ್ತು ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿ ಟೆಂಡರು. ಯಜಮಾನರು ಅಲ್ಲಿ ರಾಶಿ ರಾಶಿ ನೋಡಿ ಫೋನಿನಲ್ಲಿ ದರ ಹೇಳುವುದು, ಬೇಲೂರಿನಲ್ಲಿ ಗೀತಾ ಆನ್‌ಲೈನಿನಲ್ಲಿ ತುಂಬುವುದು. ಅವಳ ಬೆರಳಿನ ವೇಗ ನಮ್ಮಲ್ಲಿ ಯಾರಿಗೂ ಇಲ್ಲ. ಹೊತ್ತು ಮೀರಿದರೆ ಪರದೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಯಾರ ಮಾತೂ ನಡೆಯುವುದಿಲ್ಲ. ಆ ವಾರ ಯಜಮಾನರು ಒಂದು ಲಾರಿ ಲೋಡಿಗೆ ಹೊರರಾಜ್ಯದವರಿಗೆ ಮಾತು ಕೊಟ್ಟುಬಿಟ್ಟಿದ್ದರು. ಅವತ್ತು ಮಾಲು ಹಿಡಿಯಲೇಬೇಕಿತ್ತು. "ಇವತ್ತು ನಾನು ತುಂಬ್ತೀನಿ" ಎಂದು ನಾನು ನಮ್ಮ ಕಂಪನಿಯ ಲ್ಯಾಪ್‌ಟಾಪಿನ ಮುಂದೆ ಕೂತೆ. ಅದರ ಯೋಗ್ಯತೆ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ಬೇಕೆ?

ಹತ್ತೂವರೆಗೆ ಕರೆಂಟು ಹೋಯಿತು. ಗೀತಾ ತನ್ನ ಮೊಬೈಲಿನಿಂದ ನೆಟ್ ಕೊಟ್ಟಳು. ಬ್ಯಾಟರಿಯ ಮೇಲೆ ನಂಬಿಕೆಯಿಟ್ಟು ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಹೋದೆ. ಅರ್ಧ ರಾಶಿಗಳ ದರ ತುಂಬಿರಬಹುದು, ಮೂಲೆಯಲ್ಲಿ ಏನೋ ಕೆಂಪಗೆ ಕಾಣಿಸಿತು. ಅದೇನೆಂದು ಓದಲು ಕನ್ನಡಕ ಸರಿಮಾಡಿಕೊಳ್ಳುವುದರೊಳಗೆ ಪರದೆ ಕಪ್ಪಾಯಿತು. ಕಿವಿಯಲ್ಲಿ ಯಜಮಾನರು, "ಮುಂದಿಂದು ಬರ್ಕಳ್ಳಿ" ಎನ್ನುತ್ತಿದ್ದರು.

"ಈ ಕಡೆ ಬನ್ನಿ ಸಾರ್, ಇದು ನಡೀತೈತೆ" ಎಂದಳು ಗೀತಾ ಕಿಟಕಿಯ ಬಳಿಯಿಂದ.

"ಅದಕ್ಕೆಲ್ಲಿಂದ ಬಂತು ಕರೆಂಟು?"

"ಕರೆಂಟಿಲ್ಲ ಸಾರ್. ಈ ಪ್ಲಗ್ಗು ನಿಲ್ಲಲ್ಲ ಅಂತ ದಿನಾ ಮನೇಲಿ ಚಾರ್ಜ್ ಮಾಡ್ಕಂಡು ತತ್ತೀನಿ. ಸಂಜೆ ತನಕ ಬತ್ತದೆ."

ಅವಳು ತುಂಬತೊಡಗಿದಳು. ಬಿಸಿಲಿಗೆ ಪರದೆಯ ಮೇಲಿನ ಅಂಕಿ ಕಾಣುತ್ತಿರಲಿಲ್ಲ. ನಾನು ಮೂಲೆಯಲ್ಲಿದ್ದ ಗೋಣಿಚೀಲವೊಂದನ್ನು ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಕಿಟಕಿಗೆ ಅಡ್ಡ ನಿಂತೆ. ಫೋನು ಹೆಗಲಿಗೂ ಕಿವಿಗೂ ನಡುವೆ. ಯಜಮಾನರು ಹೇಳಿದ್ದನ್ನು ನಾನು ಹೇಳುವುದು, ನಾನು ಹೇಳಿದ್ದನ್ನು ಅವಳು ಒತ್ತುವುದು. ಚೀಲದ ಧೂಳು ಮೂಗಿಗೆ ಹೋಗಿ ನಾಲ್ಕು ಸಲ ಸೀನಿದೆ. ಕೊನೆಯ ದರ ತುಂಬಿದಾಗ ಆರು ನಿಮಿಷ ಉಳಿದಿತ್ತು. ಸಂಜೆ ಯಜಮಾನರು ಫೋನ್ ಮಾಡಿ, ಲಾರಿಗೆ ಸಾಕಾಗುವಷ್ಟು ಮಾಲು ಬಂತೆಂದರು. ನನ್ನ ತೋಳು ಮಾತ್ರ ಮೂರು ದಿನ ಮೇಲೇಳಲಿಲ್ಲ.

ಗೀತಾ ವರದಿ ಬರೆದು ಕಳಿಸಿದಳು. ಚನ್ನಬಸಪ್ಪನವರು ಅದನ್ನು ನನ್ನೆದುರೇ ಗಟ್ಟಿಯಾಗಿ ಓದಿದರು. "ಎರಡನೆಯ ಲ್ಯಾಪ್‌ಟಾಪನ್ನು ಬಿಸಿಲು ಬೀಳುವ ಜಾಗದಲ್ಲಿ, ಕೆಟ್ಟ ಪ್ಲಗ್ಗಿನ ಪಕ್ಕ ಇಡಲಾಗಿತ್ತು. ಜಾಗ ಆರಿಸಿದವರು ಮ್ಯಾನೇಜರ್ ಸಾರ್." ಓದು ನಿಂತಿತು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರೆದುರು ಅಷ್ಟು ಸಣ್ಣವನಾಗಿ ನಿಂತದ್ದು ನನಗೆ ನೆನಪಿಲ್ಲ.

"ಒಳ್ಳೆ ಕೆಲಸ ಮಾಡಿದೀರಿ ಶಿವಣ್ಣ" ಎಂದರು. "ಹೊಸದನ್ನ ಕಷ್ಟದ ಜಾಗದಲ್ಲಿಟ್ಟೇ ನೋಡ್ಬೇಕು. ನಂಗಾಗಿದ್ರೆ ಇದು ಹೊಳೀತಾನೇ ಇರ್ಲಿಲ್ಲ."

ನಾನು ತಲೆ ತಗ್ಗಿಸಿದೆ. ಅವರಿಗದು ವಿನಯದ ಹಾಗೆ ಕಂಡಿರಬೇಕು. ಹೊರಗೆ ಬಂದು ಗೀತಾಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು, "ನಿಮಗೆ ಬೈಲಿ ಅಂತಲೇ ಬರ್ದಿದ್ದೆ ಸಾರ್, ಹಿಂಗಾಗೋಯ್ತು" ಎಂದಳು. ಮಾರನೆಯ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಪ್ಲಗ್ಗು ಸರಿಮಾಡಿಸಿದೆ. ಅಷ್ಟಕ್ಕೆ ಲೆಕ್ಕ ಚುಕ್ತಾ ಆಗಲಿಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಮೂರು ಕಡೆಗೂ ಆಚೆ ಕಂಪನಿಯದೇ ಬಂತು. ಮೊದಮೊದಲು ನನಗೆ ಪರರ ಮನೆಯಲ್ಲಿ ಕೂತ ಹಾಗಾಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಬೆರಳು ಹೊಂದಿಕೊಂಡವು, ಆಮೇಲೆ ಮನಸ್ಸೂ ಹೊಂದಿಕೊಂಡಿತು. ಹೋದ ವಾರ ಬಿಕ್ಕೋಡಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿರುವ ನನ್ನ ಸ್ನೇಹಿತ ಮಂಜಣ್ಣ ಫೋನ್ ಮಾಡಿ, ಎಸ್ಟೇಟಿಗೆ ಎರಡು ಲ್ಯಾಪ್‌ಟಾಪು ಬೇಕು, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದ. ನಾನು ಅರ್ಧ ಗಂಟೆ ಬಿಡದೆ ಈ ಹೊಸ ಕಂಪನಿಯ ಗುಣಗಾನ ಮಾಡಿದೆ. ಬ್ಯಾಟರಿ ಹೇಳಿದೆ, ಕೀಬೋರ್ಡು ಹೇಳಿದೆ, ಬಿಸಿಲು ತಡೆಯುವುದನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವನು, "ಆಯ್ತು ಬಿಡು ಶಿವಣ್ಣ, ಇನ್ನೆರಡು ಕಂಪನೀದೂ ತರ್ಸಿ, ಜೊತೇಲಿಟ್ಟು ನೋಡ್ತೀನಿ" ಎಂದ.

ಆ ಮಾತು ನನಗೆ ಯಾಕೋ ಸರಿ ಕಾಣಲಿಲ್ಲ. ನಾಲ್ಕು ದಿನವಾಯಿತು, ಮಂಜಣ್ಣನ ಫೋನು ಎತ್ತಿಲ್ಲ.