ಸಿಲಿಕೋನ್ ಸಂಹಾರ

"ಭಾನುವಾರ ಕಾಫಿ ಕುಡಿದು ಕೂತ್ರೆ ಊಟದ ಹೊತ್ತಿಗೆ ಕೈ ತೊಳ್ಕೊಂಡು ಬಂದ್ಬಿಡ್ತೀನಿ. ಅದೇನು ಬ್ರಹ್ಮವಿದ್ಯೆಯೇ?"

ಅಳಿಯ ಊಟದ ಮೇಜಿನ ಮುಂದೆ ಹೀಗೆ ಪ್ರತಿಜ್ಞೆ ಮಾಡಿದಾಗ ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ನೀರಿನ ಲೋಟ ಮುಂದೆ ತಳ್ಳಿದರು. ಹೆಂಡತಿ ಮಾತ್ರ ಗಂಡನ ಮುಖವನ್ನೇ ನೋಡಿದಳು. ಅವಳ ಅಪ್ಪ ಜೀವಮಾನವೆಲ್ಲ ನದಿಯಲ್ಲಿ ಲಾಂಚ್ ನಡೆಸಿ ನಿವೃತ್ತರಾದವರು. ಅವಳ ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಒಬ್ಬರು ನೀರಿನವರು, ಇನ್ನೊಬ್ಬ ಕಾಗದದವನು. ನೀರೂ ಕಾಗದವೂ ಒಂದೇ ಮನೆಯಲ್ಲಿದ್ದರೆ ಕೊನೆಗೆ ಒದ್ದೆಯಾಗುವುದು ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ವಿಷಯ ಇಷ್ಟೆ. ಮನೆಯ ಪಕ್ಕದ ಅಂಗಳದಲ್ಲಿ, ಮರದ ದಿಮ್ಮಿಗಳ ಮೇಲೆ, ಮಾವನ ಪುಟ್ಟ ಫೈಬರ್ ದೋಣಿ ಕೂತಿತ್ತು. ಮುಂದೆ, ಮನೆಯವರೆಲ್ಲ ಮಂಡಿಗೆ ಮಂಡಿ ತಗಲಿಸಿಕೊಂಡು ಕೂರಬಹುದಾದ ಒಂದು ಕೋಣೆ, ಅದರ ಎರಡೂ ಬದಿಗೆ ಗಾಜಿನ ಕಿಟಕಿಗಳು. ಹಿಂದೆ, ಚುಕ್ಕಾಣಿ ಹಿಡಿದು ನಿಲ್ಲುವುದಕ್ಕೆ ತೊಟ್ಟಿಯ ಹಾಗೆ ತಗ್ಗಾದ ಒಂದು ಜಾಗ. ಕಿಟಕಿಗಳ ಸುತ್ತ ನೀರು ಸೋರದಿರಲೆಂದು ಬಳಿದಿದ್ದ ಸಿಲಿಕೋನ್ ಅಂಟು ಹಳತಾಗಿ ಅಲ್ಲಲ್ಲಿ ಬಿಟ್ಟುಕೊಂಡಿತ್ತು. ಹಿಂದಿನ ಸಲ ಮಳೆಯಲ್ಲಿ ಹೊರಟಾಗ ನೀರು ಬೇರೆಲ್ಲೂ ಜಾಗ ಸಿಗದವರಂತೆ ನೇರವಾಗಿ ಅತ್ತೆಯ ನೆತ್ತಿಯ ಮೇಲೇ ತೊಟ್ಟಿಕ್ಕಿತು. "ತಲೆ ಮೇಲೆ ನೀರು ಹಾಕ್ಕೊಳ್ಳೋಕೆ ನನಗೆ ಬಚ್ಚಲುಮನೆ ಇದೆ," ಎಂದು ಅತ್ತೆ ಅಂದಿನಿಂದ ದೋಣಿ ಹತ್ತಿರಲಿಲ್ಲ. ಅತ್ತೆ ಹತ್ತದೆ ಮಾವ ದೋಣಿ ಇಳಿಸುವವರಲ್ಲ. ಆ ಸೋರಿಕೆ ನಿಲ್ಲಿಸುತ್ತೇನೆ ಎಂಬುದೇ ಅಳಿಯನ ಪ್ರತಿಜ್ಞೆ.

ಅಳಿಯನಿಗೆ ಇದರಲ್ಲಿ ತನ್ನದೇ ಒಂದು ಆಸೆ ಇತ್ತು. ಮದುವೆಯಾದಾಗಿನಿಂದ ಆ ದೋಣಿಯಲ್ಲಿ ಅವನಿಗೆ ಸಿಕ್ಕ ಜವಾಬ್ದಾರಿ ಹಗ್ಗ, ಫ್ಲಾಸ್ಕು ಮತ್ತು ನಾಲಿಗೆ, ಈ ಮೂರನ್ನೂ ಬಿಗಿಯಾಗಿ ಹಿಡಿದುಕೊಳ್ಳುವುದು. ಚುಕ್ಕಾಣಿಯ ಹತ್ತಿರ ಸುಳಿದರೆ ಮಾವ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಔಷಧಿ ಇರಲಿಲ್ಲ. ಈ ಸಲ ಮಾತ್ರ, ಪ್ರತಿಜ್ಞೆ ಕೇಳಿದ ಮೇಲೆ, ಕೈ ಒರೆಸಿಕೊಳ್ಳುತ್ತ ಮಾವ ಹೇಳಿದರು:

"ಅಳಿಯಂದಿರೇ, ನಿಮ್ಮತ್ತೆ ತಲೆ ಮೇಲೆ ಒಂದು ಹನಿ ಬೀಳದ ಹಾಗೆ ಮಾಡಿ ತೋರಿಸಿ. ಅವತ್ತೇ ಚುಕ್ಕಾಣಿ ನಿಮ್ಮ ಕೈಗೆ ಕೊಡ್ತೀನಿ."

ಅಳಿಯನಿಗೆ ಆ ರಾತ್ರಿ ನಿದ್ದೆಯಲ್ಲೂ ನದಿ ಎಡಕ್ಕೂ ಬಲಕ್ಕೂ ತಿರುಗಿತು.

ಭಾನುವಾರ ಬಂತು. ಹಳೆಯದರ ಮೇಲೆ ಹೊಸದನ್ನು ಬಳಿದರೆ ಸಿಲಿಕೋನ್ ನಿಲ್ಲುವುದಿಲ್ಲ, ಬುಡಸಮೇತ ಕಿತ್ತು, ಒರೆಸಿ, ಚೊಕ್ಕ ಮಾಡಿ ಆಮೇಲೆ ಬಳಿಯಬೇಕು ಎಂದು ಅವನು ಓದಿಕೊಂಡಿದ್ದ. ಮಾವ ಅದನ್ನು ಓದಿರಲಿಲ್ಲ. ಅವರು ಪ್ರತಿ ವರ್ಷ ಸೋರಿದಲ್ಲೆಲ್ಲ ಇನ್ನೊಂದು ಪದರ ಬಳಿದು ಕೈ ತೊಳೆದುಕೊಂಡಿದ್ದರು. ಹೀಗಾಗಿ ಕಿಟಕಿಯ ಸುತ್ತ ಇದ್ದದ್ದು ಸಿಲಿಕೋನ್ ಅಲ್ಲ, ಒಂದು ವಂಶವೃಕ್ಷ. ಮೊಮ್ಮಗನನ್ನು ಕಿತ್ತರೆ ಮಗ, ಮಗನನ್ನು ಕಿತ್ತರೆ ಅಜ್ಜ.

ಅಳಿಯ ಅಡುಗೆಮನೆಯ ಚಾಕು ಹಿಡಿದು ಯುದ್ಧಭೂಮಿಗೆ ಇಳಿದ. ಹೆಂಡತಿ ಮನೆಯ ಕಿಟಕಿಯಿಂದ ಕೂಗಿದಳು.

"ರೀ, ಅದು ತರಕಾರಿ ಹೆಚ್ಚೋ ಚಾಕು."

"ಗೊತ್ತು ಕಣೆ. ಇದೂ ಒಂಥರಾ ತರಕಾರಿನೇ."

"ಫೈಬರ್ ಮೇಲೆ ಗೀರು ಬಿದ್ರೆ ಅಪ್ಪ ನಿಮ್ಮನ್ನೇ ಹೆಚ್ಚಾರು."

ಮಾತಿನಲ್ಲಿ ಅರ್ಥವಿತ್ತು. ಲೋಹ ಬೇಡ, ಪ್ಲಾಸ್ಟಿಕ್ಕೇ ಆಗಬೇಕು ಎಂದು ತೀರ್ಮಾನವಾಯಿತು. ಮೊದಲು ಸ್ಕೇಲು ಮುರಿಯಿತು. ಆಮೇಲೆ ಅತ್ತೆಯ ಬಾಚಣಿಗೆ ಹಲ್ಲು ಕಳೆದುಕೊಂಡಿತು. ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದರೆ ಸಿಲಿಕೋನ್ ಚಳಿ ಕಾಯಿಸಿಕೊಂಡವರ ಹಾಗೆ ಹಾಯಾಗಿ ಕೂತಿತು, ಡ್ರೈಯರು ಮಾತ್ರ ಸುಟ್ಟುಹೋಯಿತು. ಕೊನೆಗೆ ಜೇಬಿನಲ್ಲಿದ್ದ ಅಚ್ಚುಕೂಟದ ಗುರುತಿನ ಚೀಟಿಯ ಅಂಚು ಹೇಳಿ ಮಾಡಿಸಿದ ಹಾಗೆ ಸಂದಿಗೆ ಹೊಂದಿತು. ಅಳಿಯ ಉತ್ಸಾಹದಿಂದ ಕೆರೆದ. ಮರುದಿನ ಬೆಳಿಗ್ಗೆ ಅಚ್ಚುಕೂಟದ ಗೇಟಿನ ಕಾವಲುಗಾರ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸಾರ್, ಇದ್ರಲ್ಲಿ ಮುಖಾನೇ ಇಲ್ವಲ್ಲ."

"ಕೆರೆದುಹೋಯ್ತಪ್ಪ. ನಾನೇ ಅದು."

"ಅದು ಸರಿ ಸಾರ್. ಆದ್ರೆ ಮುಖ ಇಲ್ದೋರನ್ನ ಒಳಗೆ ಬಿಡೋ ಹಾಗಿಲ್ಲ."

ಆ ದಿನ ಅಚ್ಚುಕೂಟದ ಮ್ಯಾನೇಜರ್ ಗೇಟಿನವರೆಗೂ ಬಂದು, ಇವನು ಇವನೇ ಎಂದು ಸಾಕ್ಷಿ ಹೇಳಬೇಕಾಯಿತು.

ಇಷ್ಟಾದರೂ ಅಳಿಯ ಸೋಲಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ದೋಣಿಗೊಂದು ನಮಸ್ಕಾರ ಹಾಕಿ ಒಳಗೆ ಹೋಗಿ ಮಲಗುತ್ತಿದ್ದರು. ಅವನದು ಉಡದ ಪಟ್ಟು. ಸಾವಿರ ಪುಟದ ಪುಸ್ತಕದಲ್ಲಿ ಬಿಟ್ಟುಹೋದ ಒಂದು ಚುಕ್ಕೆಯನ್ನು ಹುಡುಕಿ ಕೂರಿಸುವ ಆಸಾಮಿ ಸಿಲಿಕೋನಿಗೆ ಹೆದರುತ್ತಾನೆಯೇ? ಅಂಗಡಿಯಿಂದ ಹಳೇ ಸಿಲಿಕೋನ್ ಮೆತ್ತಗಾಗಿಸುವ ಜೆಲ್ಲು ತಂದ. ಸಂಜೆ ಕೆಲಸದಿಂದ ಬಂದವನೇ ಹಚ್ಚುವುದು, ಕಾಯುವುದು, ಅಗಲವಾದ ಪ್ಲಾಸ್ಟಿಕ್ ಉಳಿಯಿಂದ ಮೆಲ್ಲಗೆ ಎಬ್ಬಿಸುವುದು. ಒಂದು ಸಂಜೆ ಕಿಟಕಿಯ ಈ ಮೂಲೆಯಿಂದ ಆ ಮೂಲೆಯವರೆಗೆ ಒಂದೇ ಪಟ್ಟಿ, ಎಲ್ಲೂ ತುಂಡಾಗದೆ, ಎದ್ದು ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಓಡಿದ. ಯುದ್ಧ ಗೆದ್ದು ಬಂದವನ ಕಳೆ ಅವನ ಮುಖದಲ್ಲಿತ್ತು.

"ನೋಡೇ. ಒಂದೇ ಎಳೆ."

ಹೆಂಡತಿ ನೋಡಿದಳು. ಅದು ನೋಡುವುದಕ್ಕೆ ಹೇಸಿಗೆಯಾದ ಬೂದುಬಣ್ಣದ ಒಂದು ಹುಳುವಿನ ಹಾಗಿತ್ತು. ಆದರೆ ಗಂಡನ ಕೈಬೆರಳುಗಳು ಒಡೆದು, ಉಗುರು ಸವೆದು, ಕಣ್ಣು ಮಾತ್ರ ಫಳಫಳ ಹೊಳೆಯುತ್ತಿದ್ದವು. ಅವಳಿಗೆ ಅವನ ಮೇಲೆ ಮದುವೆಯ ಹೊಸತರಲ್ಲಿ ಬಂದಿದ್ದಂಥ ಪ್ರೀತಿ ಉಕ್ಕಿ ಬಂತು.

"ಚೆನ್ನಾಗಿದೆ ರೀ. ಎಲ್ಲಿಡ್ಲಿ?" ಎಂದಳು.

ಅದನ್ನು ಬಟ್ಟೆ ಒಣಗಿಸುವ ತಂತಿಯ ಮೇಲೆ ನೇತುಹಾಕಲಾಯಿತು. ಮಾರನೆಯ ದಿನ ಅತ್ತೆ ಅದನ್ನು ಕೋಲಿನಿಂದ ಎತ್ತಿ ಬೀದಿಯಾಚೆ ಎಸೆದರು.

ಪದರಗಳೆಲ್ಲ ಹೋದ ಮೇಲೆ ಅಳಿಯ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಅಂಚುಗಳನ್ನು ಉಜ್ಜಿದ. ಕನ್ನಡಿಯಾಯಿತು. "ಮುಗೀತು," ಎಂದ. ಹೆಂಡತಿ ಒಂದು ಚೊಂಬು ನೀರು ತಂದು ಅಂಚಿನ ಮೇಲೆ ಸುರಿದಳು. ಚೊಕ್ಕವಾದ ಜಾಗದಲ್ಲಿ ನೀರು ಹಾಳೆಯಂತೆ ಹರಡಿಕೊಳ್ಳಬೇಕು. ಎಲ್ಲಿ ಸಿಲಿಕೋನಿನ ಜಿಡ್ಡು ಉಳಿದಿದೆಯೋ ಅಲ್ಲಿ ಮಾತ್ರ ಮುತ್ತುಮುತ್ತಾಗಿ ನಿಲ್ಲುತ್ತದೆ. ನೀರು ಉದ್ದಕ್ಕೂ ಮುತ್ತಿನ ಸರ ಪೋಣಿಸಿತು.

"ಇನ್ನೂ ಇದೆ ರೀ."

ಮತ್ತೆ ಉಜ್ಜಿದ. ಮತ್ತೆ ನೀರು, ಮತ್ತೆ ಮುತ್ತು. ಇನ್ನಷ್ಟು ಉಜ್ಜಿದರೆ ಇನ್ನಷ್ಟು ಮುತ್ತು. ಮೊದಲು ಕಿಟಕಿಯ ಅಂಚಿನಲ್ಲಿದ್ದದ್ದು ಈಗ ದೋಣಿಯ ಬದಿಗೂ ಬಂತು. ಬದಿಯಿಂದ ಅವನ ಕೈಗೆ, ಕೈಯಿಂದ ಬಾಗಿಲ ಹಿಡಿಗೆ, ಹಿಡಿಯಿಂದ ಅತ್ತೆಯ ಕನ್ನಡಕಕ್ಕೆ. ಅತ್ತೆಗೆ ಇಡೀ ಲೋಕ ಮಂಜಿನಲ್ಲಿ ಮುಳುಗಿತು. "ಯಾರೋ ಬರ್ತಿದಾರೆ, ಯಾರು ನೋಡು," ಎಂದು ಎದುರಿಗೆ ಬಂದ ಮಾವನನ್ನೇ ತೋರಿಸಿದರು.

ಹೆಂಡತಿ ಗಂಡನ ಕೈಯಲ್ಲಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ರೀ, ಶುರುವಿನಿಂದ ಇದೇ ಬಟ್ಟೇನಾ?"

"ಹೌದು. ಒಳ್ಳೇ ಬಟ್ಟೆ."

"ನೀವು ಒರೆಸ್ತಾ ಇಲ್ಲ. ಬಳೀತಾ ಇದೀರ."

ಅಳಿಯ ಬಟ್ಟೆಯನ್ನು ಬಗ್ಗಿ ನೋಡಿದ. ಇಷ್ಟು ಸಂಜೆಗಳ ತಪಸ್ಸಿನಲ್ಲಿ ತಾನು ಜಿಡ್ಡನ್ನು ಊರಿಗೆಲ್ಲ ಹಂಚುತ್ತಿದ್ದೆ ಎಂದು ತಿಳಿದಾಗ ಯಾರಿಗಾದರೂ ಅಳು ಬರುತ್ತದೆ. ಅವನಿಗೆ ಹೆಂಡತಿಯ ಬುದ್ಧಿಯ ಬಗ್ಗೆ ಹೆಮ್ಮೆಯೇ ಹೆಚ್ಚು ಬಂತು. ಆಮೇಲೆ ಇಬ್ಬರೂ ಜೊತೆಗೆ ನಿಂತರು. ಒಂದು ತುಂಡು ಬಟ್ಟೆ, ಒಂದೇ ಒಂದು ಎಳೆತ, ಬುಟ್ಟಿಗೆ. ಇನ್ನೊಂದು ತುಂಡು, ಇನ್ನೊಂದು ಎಳೆತ, ಬುಟ್ಟಿಗೆ. ಹಳೇ ದಿಂಬಿನ ಚೀಲಗಳು ಹೋದವು. ಅವನ ಬನಿಯನ್‌ಗಳು ಒಂದೊಂದಾಗಿ ಹುತಾತ್ಮವಾದವು. ಕಡೆಯ ಬನಿಯನ್ ಮೈಮೇಲಿರುವಾಗಲೇ ಹೆಂಡತಿ ಕತ್ತರಿ ಹಿಡಿದು ಬಂದಳು, ಅವನು ಎರಡೂ ಕೈ ಮೇಲೆತ್ತಿದ.

ಆಗ ಚೊಂಬಿನ ನೀರು ಸುರಿದರೆ ಅದು ಹಾಳೆ ಹಾಸಿದ ಹಾಗೆ ಹರಡಿ ಇಳಿದುಹೋಯಿತು. ಎಲ್ಲೂ ಒಂದು ಮುತ್ತಿಲ್ಲ. ಮಾವ ಬಂದರು. ಅಂಚಿನ ಮೇಲೆ ಬೆರಳಿಟ್ಟು, ಕಿಟಕಿಯನ್ನೆಲ್ಲ ಸುತ್ತಿ ಬಂದು, ಬೆರಳನ್ನು ನೋಡಿಕೊಂಡರು.

"ಅಳಿಯಂದಿರೇ, ಈ ದೋಣಿ ತಂದ ದಿನಾನೂ ಇಷ್ಟು ಚೊಕ್ಕ ಇರಲಿಲ್ಲ," ಎಂದರು. ಕೆಮ್ಮಲಿಲ್ಲ.

ಅಳಿಯನಿಗೆ ತಲೆಯ ಮೇಲೆ ಎರಡು ಕೋಡು ಮೂಡಿದವು. ಮೂಡಲಿ ಬಿಡಿ, ಗಳಿಸಿದ ಕೋಡು.

ಹೊಸ ಸಿಲಿಕೋನ್ ಬಳಿದದ್ದು ಶನಿವಾರ ಬೆಳಿಗ್ಗೆ. ಎರಡು ಬದಿಗೂ ಟೇಪು ಅಂಟಿಸಿ, ನಡುವೆ ಟ್ಯೂಬು ಒತ್ತುವ ಗನ್ನಿನಿಂದ ಎಳೆ ಬಿಟ್ಟು, ಸೋಪುನೀರಿನಲ್ಲಿ ಅದ್ದಿದ ಬೆರಳಿಂದ ಒಂದೇ ಸವನೆ ಸವರಿ, ಟೇಪನ್ನು ಮೆಲ್ಲಗೆ ಬಿಡಿಸಿದ. ಅಚ್ಚಿನ ಪುಟದ ಅಂಚುಗೆರೆಯಷ್ಟು ನೇರ. ಹೆಂಡತಿ ನೋಡಿ ಅವನ ಬೆನ್ನು ತಟ್ಟಿ ಒಳಗೆ ಹೋದಳು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಟ್ಯೂಬಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಒಮ್ಮೆ ತೆರೆದ ಟ್ಯೂಬು ಇಟ್ಟರೆ ಕಲ್ಲಾಗುತ್ತದೆ. ಹೊಗಳಿಸಿಕೊಂಡ ಮನುಷ್ಯ, ಕೈಯಲ್ಲಿ ತುಂಬಿದ ಗನ್ನು, ಸುತ್ತ ಯಾರೂ ಇಲ್ಲ. ಅಳಿಯ ಕರಡು ಓದುವ ಕಣ್ಣಿನಿಂದ ಇಡೀ ದೋಣಿಯನ್ನು ಮೇಲಿಂದ ಕೆಳಗೆ ಓದತೊಡಗಿದ. ಕೋಣೆಯ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಕೂರಿಸಿದ. ಒಂದೆರಡು ತಿರುಪಿನ ತಲೆಗಳಿಗೆ ಚುಕ್ಕೆ ಇಟ್ಟ. ಹಿಂದಿನ ತಗ್ಗು ಜಾಗಕ್ಕೆ ಬಂದಾಗ ಅವನ ಕಣ್ಣು ಅಲ್ಲೇ ನಿಂತಿತು. ನೆಲದ ಎರಡು ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಎರಡು ತೂತು. ಬಗ್ಗಿ ನೋಡಿದರೆ ಆಚೆ ಬೆಳಕು ಕಾಣುತ್ತದೆ. ಇಷ್ಟು ವರ್ಷ ಲಾಂಚ್ ನಡೆಸಿದ ಮಾವನ ಕಣ್ಣಿಗೆ ಇದು ಬಿದ್ದಿಲ್ಲವಲ್ಲ ಎಂದು ಮರುಗಿ, ದೊಡ್ಡವರ ಮಾನ ಕಾಪಾಡುವುದು ಅಳಿಯನ ಧರ್ಮ ಎಂದುಕೊಂಡು, ಎರಡನ್ನೂ ಕಂಠಪೂರ್ತಿ ತುಂಬಿದ. ಯಾರಿಗೂ ಹೇಳಲಿಲ್ಲ. ಅದು ಅವನ ವಿನಯ.

ಭಾನುವಾರ ಮಧ್ಯಾಹ್ನ ಪರೀಕ್ಷೆ. ಅತ್ತೆ ಕೋಣೆಯೊಳಗೆ, ಹಿಂದೆ ಸೋರಿದ್ದ ಅದೇ ಜಾಗದಲ್ಲಿ, ಎದೆಯ ಮೇಲೆ ಕೈಕಟ್ಟಿ ಕೂತರು. ಮಾವ ಪಕ್ಕದಲ್ಲಿ ನಿಂತು ಬಾಗಿಲು ಹಾಕಿಕೊಂಡರು. ಹೆಂಡತಿ ದೋಣಿಯ ಮೂತಿಯ ಕಡೆಗೆ ಏಣಿ ಹಾಕಿ ಪೈಪು ಹಿಡಿದಳು. ಅಳಿಯ ಕೆಳಗೆ ಅಂಗಳದಲ್ಲಿ, ಹೆರಿಗೆಕೋಣೆಯ ಹೊರಗೆ ನಿಂತವನ ಹಾಗೆ, ಅತ್ತಿಂದಿತ್ತ ನಡೆದಾಡಿದ.

ನೀರು ಛಾವಣಿಯ ಮೇಲೆ ಧೋ ಎಂದು ಬಿತ್ತು. ಕಿಟಕಿಗಳ ಮೇಲೆ ಇಳಿಯಿತು. ಒಳಗಿನಿಂದ ಅತ್ತೆಯ ಧ್ವನಿ ಬಂತು.

"ಇಷ್ಟು ಸಾಲದು. ಇನ್ನೂ ಜೋರಾಗಿ ಹಾಕು."

ಹೆಂಡತಿ ನಲ್ಲಿ ಪೂರ್ತಿ ತಿರುಗಿಸಿ ಬಂದಳು. ತುಂಬಾ ಹೊತ್ತು ಸುರಿದಳು. ಅತ್ತೆ ತಲೆ ಮುಟ್ಟಿ ನೋಡಿಕೊಂಡರು. ಭುಜ ಮುಟ್ಟಿ ನೋಡಿಕೊಂಡರು. ಮಾವ ಪ್ರತಿ ಮೂಲೆಗೂ ಬೆರಳಿಟ್ಟರು.

"ಒದ್ದೆ ಆಗಿಲ್ಲ," ಎಂದರು ಅತ್ತೆ. ಆ ಬಾಯಿಂದ ಅಂಥ ಮಾತು ಬರುವುದು ಅಪರೂಪ. "ಮುಂದಿನ ವಾರ ಹೊರಡೋದಾದ್ರೆ ನಾನೂ ಬರ್ತೀನಿ."

"ಅಳಿಯಂದಿರೇ," ಎಂದು ಮಾವ ಒಳಗಿನಿಂದಲೇ ಕರೆದರು, "ಮೇಲೆ ಬನ್ನಿ. ಮಾತು ಕೊಟ್ಟಿದ್ದೆ."

ಅಳಿಯ ಕೂದಲು ಸರಿಮಾಡಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ಪಟ್ಟಾಭಿಷೇಕಕ್ಕೆ ಹೊರಟವನ ನಡಿಗೆಯಲ್ಲಿ ದೋಣಿಯ ಹಿಂಬದಿಯ ಏಣಿ ಹತ್ತಿದ. ಅವನ ತಲೆ ಅಂಚಿನಿಂದ ಮೇಲೆ ಬರುವುದಕ್ಕೂ ಮಾವ ಕೋಣೆಯ ಬಾಗಿಲು ಒಳಕ್ಕೆ ಎಳೆಯುವುದಕ್ಕೂ ಸರಿಹೋಯಿತು.

ತಗ್ಗು ಜಾಗದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಇಷ್ಟು ಹೊತ್ತು ರಬ್ಬರ್ ಪಟ್ಟಿಗೆ ಮರ್ಯಾದೆ ಕೊಟ್ಟು ಆಚೆ ಕಾಯುತ್ತಿದ್ದ ಆ ನೀರು, ಬಾಗಿಲು ತೆರೆದದ್ದೇ ತಡ, ಮಾವನ ಕಾಲ ನಡುವೆ ನುಗ್ಗಿ ಒಳಗೆ ಹೋಯಿತು. ಅತ್ತೆ ಎರಡೂ ಕಾಲು ಎತ್ತಿ ಬೆಂಚಿನ ಮೇಲೆ ಇಟ್ಟುಕೊಂಡರು. ಅವರ ಚಪ್ಪಲಿಗಳು ಮಾತ್ರ ಜಲವಿಹಾರಕ್ಕೆ ಹೊರಟವು.

ಮಾವ ನೀರನ್ನು ನೋಡಿದರು. ಮೂಲೆಗಳನ್ನು ನೋಡಿದರು. ಆಮೇಲೆ ಅಳಿಯನನ್ನು ನೋಡಿದರು.

"ಅಲ್ಲಿ ಎರಡು ತೂತಿತ್ತಲ್ಲ?"

"ಮುಚ್ಚಿಬಿಟ್ಟೆ ಮಾವ," ಎಂದ ಅಳಿಯ, ಏಣಿಯ ಮೇಲಿಂದಲೇ. "ನೀರು ಬಂದೀತು ಅಂತ."

"ಬರೋಕಲ್ಲ. ಹೋಗೋಕೆ."

ಅತ್ತೆ ಬೆಂಚಿನ ಮೇಲೆ ಕಾಲು ಮಡಚಿ ಕೂತಲ್ಲಿಂದ ನ್ಯಾಯ ಹೇಳಿದರು. "ಅಳಿಯಂದ್ರನ್ನ ಬೈಬೇಡಿ. ತಲೆ ಮೇಲೆ ಒಂದು ಹನೀನೂ ಬೀಳಲಿಲ್ಲ. ಅವರು ಮಾತು ಉಳಿಸ್ಕೊಂಡಿದಾರೆ."

"ಬೈದ್ನಾ ನಾನು?" ಎಂದರು ಮಾವ. "ಇಷ್ಟು ವರ್ಷದಲ್ಲಿ ನೀರು ಒಳಗೆ ಬರೋ ದೋಣಿ ಬೇಕಾದಷ್ಟು ನೋಡಿದೀನಿ. ನೀರಿಗೆ ಹೊರಗೆ ಹೋಗೋಕೆ ಅಪ್ಪಣೆ ಇಲ್ಲದ ದೋಣಿ ಇದೇ ಮೊದಲು ನೋಡಿದ್ದು. ಕೆಲಸ ಅಂದ್ರೆ ಕೆಲಸ." ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿ ಮೆಚ್ಚಿಕೊಂಡೇ ಹೇಳಿದರು. ಅದಕ್ಕೇ ಅಳಿಯನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ.

ಮಾವ ನೀರಿನಲ್ಲಿ ಸದ್ದು ಮಾಡುತ್ತ ಹಿಂದಕ್ಕೆ ನಡೆದರು. ಚುಕ್ಕಾಣಿಯ ಮರದ ಹಿಡಿಗೆ ಸಿಕ್ಕಿಸಿದ್ದ ಕೀಲು ತೆಗೆದು, ಹಿಡಿಯನ್ನು ಕಳಚಿ, ಎರಡೂ ಕೈಯಿಂದ ಅಳಿಯನ ಮುಂದೆ ಚಾಚಿದರು.

"ಹಿಡ್ಕೊಳ್ಳಿ. ಸಣ್ಣ ತುದಿ ತೂತಿಗೆ ಸರಿಯಾಗುತ್ತೆ. ಮೊದಲು ಎಡಗಡೇದು ಚುಚ್ಚಿ."

ಅಳಿಯ ಇಳಿದು, ನೀರಿನಲ್ಲಿ ಮಂಡಿಯೂರಿ, ಚುಕ್ಕಾಣಿಯನ್ನು ಮೂಲೆಗೆ ಊರಿ ಒತ್ತಿದ. ಸಿಲಿಕೋನ್ ಅಲುಗಲಿಲ್ಲ. ಅಷ್ಟು ಚೆನ್ನಾಗಿ ತುಂಬಿದ್ದ. ಮೂತಿಯ ಕಡೆ ಏಣಿಯ ಮೇಲಿದ್ದ ಹೆಂಡತಿಗೆ ಇತ್ತ ನಡೆದದ್ದು ಒಂದೂ ಗೊತ್ತಿರಲಿಲ್ಲ. ಪೈಪಿನ ನೀರು ಛಾವಣಿಯಿಂದ ಇಳಿದು ಅವನ ಬೆನ್ನಿನ ಮೇಲೇ ಸುರಿಯುತ್ತಿತ್ತು.

"ಅಪ್ಪಾ," ಎಂದು ಅವಳು ಕೂಗಿದಳು, "ನೀರು ನಿಲ್ಲಿಸ್ಲಾ?"

"ನನ್ನನ್ನೇನಮ್ಮಾ ಕೇಳ್ತೀಯ?" ಎಂದರು ಮಾವ. "ಚುಕ್ಕಾಣಿ ನಿನ್ನ ಗಂಡನ ಕೈಲಿದೆ. ಅವರನ್ನೇ ಕೇಳು."