ಹದಡಿಯ ಬಣವೆ ಹೊಕ್ಕ ವಿಮಾನಕ್ಕೊಂದು ಅಹವಾಲು

ಹರಿಹರದ ಲೇತ್ ಶೆಡ್ಡಿನಲ್ಲಿ ಸದ್ಯ ವಿಶ್ರಾಂತಿ ಪಡೆಯುತ್ತಿರುವ ವಿಮಾನದವರ ಸನ್ನಿಧಿಗೆ, ಹದಡಿಯ ವಾಮದೇವಪ್ಪ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮನ್ನು ಕೈಯಾರೆ ಕಟ್ಟಿ ಹಾರಿಸಿದ ಕೊಟ್ರೇಶ್ ಅವರಿಗೇ ಈ ಪತ್ರ ಬರೆಯಬೇಕಿತ್ತು. ಆದರೆ ಅವರು ಪತ್ರಿಕೆಯವರಿಗೆ ಹೇಳಿಕೆ ಕೊಟ್ಟು ಮುಗಿಸಿದ್ದಾರೆ, ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಪೈಕಿಯವರಲ್ಲ. ಹಾಗಾಗಿ ಅಂದು ಆಕಾಶದಲ್ಲಿ ಅವರ ಜೊತೆಗಿದ್ದ ಏಕೈಕ ಸಾಕ್ಷಿಯಾದ ತಮ್ಮಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಹಳೇ ಕಾರಿನ ಇಂಜಿನ್, ಮೊಪೆಡ್ಡಿನ ಗಾಲಿ, ಡೇರೆ ಬಟ್ಟೆಯ ರೆಕ್ಕೆ ಹೊತ್ತುಕೊಂಡು ೧೯೯೮ರ ಈ ಡಿಸೆಂಬರಿನಲ್ಲಿ ತಾವು ಹರಿಹರದಿಂದ ಹದಡಿಯವರೆಗೆ ಬಂದದ್ದು ಸಾಮಾನ್ಯ ಸಾಧನೆಯಲ್ಲ. ನಮ್ಮೂರಿಗೆ ಎಷ್ಟೋ ದಿನ ಬಸ್ಸೇ ಬರುವುದಿಲ್ಲ. ನಮ್ಮ ಕಣದ ಪಕ್ಕದ ಬಯಲಿನಲ್ಲಿ ಇಳಿಯಲು ಒಪ್ಪಿಗೆ ಕೊಟ್ಟವನೂ ನಾನೇ. ಗಾಳಿಗೆ ಎದುರಾಗಿಯೇ ಇಳಿಯಬೇಕೆಂದು ಹಿಂದಿನ ದಿನ ಕೊಟ್ರೇಶ್ ಅವರು ಬಯಲು ನೋಡಲು ಬಂದಾಗ ನಮಗೆಲ್ಲ ಅರ್ಧ ಗಂಟೆ ಪಾಠ ಮಾಡಿದ್ದರು. ಅಂದು ಮೂಡಗಾಳಿ ಬೀಸುತ್ತಿತ್ತು, ಕಣದಲ್ಲಿ ಭತ್ತ ತೂರುತ್ತಿದ್ದ ಅಂಜಿನವ್ವಜ್ಜಿಯ ಮೊರದಿಂದ ಹೊಟ್ಟೆಲ್ಲ ಪಡುವಣಕ್ಕೆ ಹಾರುತ್ತಿತ್ತು. ಆದರೂ ತಾವು ಊರನ್ನೊಂದು ಸುತ್ತು ಹಾಕಿ, ಗಾಳಿಯನ್ನು ಬೆನ್ನಿಗಿಟ್ಟುಕೊಂಡೇ ಇಳಿಯತೊಡಗಿದಿರಿ.

ಪಾಠ ಮರೆಯದ ಅಜ್ಜಿ ಗಾಬರಿಯಾಗಿ, "ಗಾಳಿ ಬೆನ್ನಿಗೈತೆ, ಆ ಕಡಿಂದ ಬರ್ರಿ" ಎಂದು ಕೂಗುತ್ತ ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಆಡಿಸಿದಳು. ಕೊಟ್ರೇಶ್ ಅವರು ಹಿಡಿಯಬೇಕಾದದ್ದನ್ನೆಲ್ಲ ಬಿಟ್ಟು, ಎರಡೂ ಕೈ ಜೋಡಿಸಿ ನಮಸ್ಕರಿಸಿದರು. ತಮಗೆ ಮೇಲೆ ಮುಚ್ಚಳವಿಲ್ಲದ್ದರಿಂದ ಅದನ್ನು ಊರೇ ಕಂಡಿತು. ತಾವು ಎರಡು ಸಲ ನೆಗೆದು, ಬಯಲು ದಾಟಿ, ನಮ್ಮ ಹುಲ್ಲಿನ ಬಣವೆಯೊಳಗೆ ಕುತ್ತಿಗೆವರೆಗೂ ಹೊಕ್ಕಿರಿ. ಮೈಯೆಲ್ಲ ಹುಲ್ಲಾಗಿ ಹೊರಬಂದ ಅವರ ಮೊದಲ ಮಾತು, "ಅಜ್ಜಿ ಆರತಿ ಎತ್ತಿದ್ಲಲ್ರಿ, ಅದಕ್ಕೆ ಕೈ ಮುಗಿದೆ" ಎಂಬುದು. ಇಂಥ ವಿನಯವಂತ ಪೈಲಟ್ ದೇಶದಲ್ಲಿ ಇನ್ನೊಬ್ಬರಿರಲಾರರು.

ಮೂರು ದಿನದ ಮೇಲೆ ಪತ್ರಿಕೆಯಲ್ಲಿ ಬಂದದ್ದೇ ಬೇರೆ: ಕಣದಲ್ಲಿದ್ದ ವೃದ್ಧೆಯ ತಪ್ಪು ಸನ್ನೆಯಿಂದ ಅಪಘಾತವಾಯಿತಂತೆ. ಅಲ್ಲಿಂದೀಚೆಗೆ ಅಜ್ಜಿ ಮೊರವನ್ನು ಗೂಟಕ್ಕೆ ನೇತುಹಾಕಿದವಳು ಕಣದ ಕಡೆ ಬಂದಿಲ್ಲ. ಊರವರು ತೂರುವ ಮುಂಚೆ ಗಾಳಿ ಯಾವ ಕಡೆಯದೆಂದು ಕೇಳುತ್ತಿದ್ದದ್ದು ಅವಳನ್ನೇ. ಈಗ ಕೇಳಲು ಹೋದರೆ, "ನಂಗೆ ಗಾಳಿ ತಿಳಿಯಲ್ಲಂತೆ, ಪೇಪರ್‌ನಾಗೆ ಬಂದೈತೆ" ಎಂದು ಒಳಗೆ ಹೋಗುತ್ತಾಳೆ. ನನಗೆ ಬಣವೆ ಹಾಳಾದದ್ದಕ್ಕಿಂತ ಇದು ಹೆಚ್ಚು ನೋವು ಕೊಟ್ಟಿದೆ.

ಆದ್ದರಿಂದ ತಾವು ದಯಮಾಡಿ ಬಾಯಿ ಬಿಟ್ಟು ನಿಜ ಹೇಳಬೇಕು. ಬಾಯಿ ಇಲ್ಲವೆಂಬ ನೆಪವಿದ್ದರೆ, ಕೊಟ್ರೇಶ್ ಅವರು ನಮ್ಮ ಕಣದಲ್ಲಿ ಅಜ್ಜಿಯ ಎದುರು ನಿಂತು "ತಪ್ಪು ನಂದು" ಎನ್ನುವವರೆಗೆ ಎಷ್ಟು ಸಲ ತಿರುಗಿಸಿದರೂ ತಾವು ಸ್ಟಾರ್ಟ್ ಆಗಬಾರದು.

ತಮ್ಮ ಮೂಗು ಬೇಗ ನೆಟ್ಟಗಾಗಲೆಂದು ಬಯಸುವ,
ತಮ್ಮ ವಿಶ್ವಾಸಿ,
ವಾಮದೇವಪ್ಪ, ಹದಡಿ

ತಾಜಾ ಕಲಂ: ಕೊಟ್ರೇಶ್ ಅವರು ಬರುವುದಾದರೆ ಈ ಸಲ ನಿಜವಾಗಿಯೂ ಆರತಿ ಎತ್ತುತ್ತೇನೆಂದು ಅಜ್ಜಿ ಒಪ್ಪಿದ್ದಾಳೆ. ಅವರು ಬಸ್ಸಿನಲ್ಲಿ ಬಂದು, ಪೂರ್ತಿ ಕೆಳಗಿಳಿದ ಮೇಲೆ ಕೈ ಮುಗಿಯಲಿ.