ಎಲ್ಲಾ ನಾನೇ ತೆಗೆದದ್ದು

ಅಳಿಯ ಮಾಡಿದ ತಪ್ಪು ಒಂದೇ. ಮಾವನವರ ಕಂಪ್ಯೂಟರ್ ಮುಂದೆ ನಿಂತು, "ಇದಕ್ಕೆ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿದ್ರೆ ಸರಿಹೋಗತ್ತೆ" ಅಂದುಬಿಟ್ಟ. ನೀರು ಸರಬರಾಜು ಕಚೇರಿಯ ಗುಮಾಸ್ತನಾದ ಅವನಿಗೆ ಆ ವಿದ್ಯೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಮದುವೆಯಾಗಿ ಇಷ್ಟು ಕಾಲವಾದರೂ ಮಾವನ ಬಾಯಿಂದ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಈ ನೆಪದಲ್ಲಾದರೂ ಬರಲಿ ಎಂಬ ಆಸೆ.

"ಹೊಸದು ಹಾಕಿದ್ರೆ, ಅದರಲ್ಲಿರೋ ಹಳೇದು?" ಅಂದರು ಮಾವ.

"ಪೂರ್ತಿ ಅಳಿಸಿಹೋಗತ್ತೆ ಮಾವ."

"ಪೂರ್ತಿ?"

"ಚೂರೂ ಉಳಿಯಲ್ಲ."

ಮಾವನವರ ಮುಖ ಅರಳಿತು. "ಹಾಗಾದ್ರೆ ತಡ ಯಾಕೆ ಅಳಿಯಂದ್ರೇ? ನಾಳೆ ಹೇಗೂ ಭಾನುವಾರ. ಬೆಳಿಗ್ಗೆಯೇ ಬಂದ್ಬಿಡಿ."

ಬೆಳಿಗ್ಗೆಯೇ ಬಂದ. ಅವನೇನೂ ಬೇಜವಾಬ್ದಾರಿ ಮನುಷ್ಯನಲ್ಲ. ಅಳಿಸುವ ಮುಂಚೆ ಬೇಕಾದ್ದನ್ನೆಲ್ಲ ಬೇರೆ ಕಡೆ ಎತ್ತಿಡಬೇಕು ಎಂದು ಚೆನ್ನಾಗಿ ಓದಿಕೊಂಡೇ ಬಂದಿದ್ದ. ಮಾವ ಬಚ್ಚಲುಮನೆಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಕೂತಲ್ಲಿಂದಲೇ ಕೂಗಿದ:

"ಮಾವಾ, ಫೋಟೋ ಎಲ್ಲಾ ತೆಗೆದಿದೀರಾ?"

"ಓಹೋ! ಎಲ್ಲಾ ನಾನೇ ತೆಗೆದದ್ದು!"

"ಏನೂ ಬಿಟ್ಟಿಲ್ಲ ತಾನೇ?"

"ಒಬ್ಬರನ್ನೂ ಬಿಟ್ಟಿಲ್ಲ!"

ಆ 'ಒಬ್ಬರನ್ನೂ' ಎಂಬಲ್ಲೇ ಅವನ ಕಿವಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಗುಂಡಿ ಒತ್ತಿದ. ಡಿಸ್ಕ್ ಖಾಲಿಯಾಯಿತು.

ಅಷ್ಟರಲ್ಲಿ ಮೇಲಿನ ಮನೆಯ ಟೀಚರ್ ಇಳಿದು ಬಂದರು. "ಕಂಪ್ಯೂಟರ್ ರಿಪೇರಿಯಂತೆ? ಇವತ್ತಾದ್ರೂ ನನ್ನ ಮಗಳ ಮದುವೆ ಫೋಟೋ ಸಿಗತ್ತಾ? ಎರಡು ತಿಂಗಳಿಂದ ನಿಮ್ಮ ಮಾವ ಕಂಪ್ಯೂಟರ್ ನಿಧಾನ, ನಿಧಾನ ಅಂತಲೇ ಇದಾರೆ."

"ಅದಕ್ಕೇನಂತೆ ಟೀಚರ್, ಮಾವ ಆಗಲೇ ತೆಗೆದಿಟ್ಟಿದಾರೆ. ಮಾವ, ಎಲ್ಲಿ ತೆಗೆದಿಟ್ಟಿದೀರಾ?"

ಮುಖ ಒರೆಸಿಕೊಳ್ಳುತ್ತ ಬಂದ ಮಾವ ಹುಬ್ಬೇರಿಸಿದರು. "ತೆಗೆದಿಡೋದಾ? ನಾನು ಕ್ಯಾಮೆರಾದಲ್ಲಿ ತೆಗೆದದ್ದು ಅಂದೆ."

ನಮ್ಮ ಭಾಷೆಯಲ್ಲಿ ಈ 'ತೆಗೆ' ಎಂಬ ಎರಡಕ್ಷರದಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಬಾಗಿಲು ತೆಗೆಯುತ್ತೇವೆ, ಕಸ ತೆಗೆಯುತ್ತೇವೆ, ಜಗಳ ತೆಗೆಯುತ್ತೇವೆ, ಸಮಯ ಬಂದರೆ ಒಬ್ಬರ ಮಾನವನ್ನೂ ತೆಗೆಯುತ್ತೇವೆ. ಫೋಟೋ ತೆಗೆದೆ ಎಂದರೆ ಹೊಡೆದದ್ದೋ, ಎತ್ತಿಟ್ಟದ್ದೋ, ಕಿತ್ತುಹಾಕಿದ್ದೋ ಎಂದು ಮೊದಲೇ ಬಿಡಿಸಿ ಕೇಳಬೇಕಿತ್ತು.

"ಕ್ಯಾ... ಕ್ಯಾಮೆರಾದಲ್ಲಿ ಇನ್ನೂ ಇದಾವಲ್ಲ?"

"ಜಾಗ ಇರ್ಲಿಲ್ಲ. ಅಲ್ಲಿಂದ ಅಳಿಸಿಬಿಟ್ಟೆ" ಅಂದರು ಮಾವ, ತಣ್ಣಗೆ.

ಟೀಚರ್ ಸೋಫಾದ ಮೇಲೆ ಕುಸಿದರು. "ಇದ್ದದ್ದು ಅವೇ! ದುಡ್ಡು ಕೊಟ್ಟು ಫೋಟೋಗ್ರಾಫರ್ ಯಾಕೆ, ನಾನಿಲ್ವಾ ಅಂದ್ರಲ್ಲ ನೀವು! ನನ್ನ ಒಬ್ಬಳೇ ಮಗಳು!"

ಅಳು ಕೇಳಿ ಎದುರುಮನೆಯ ವಿಮೆ ಏಜೆಂಟರು ಬನಿಯನ್‌ನಲ್ಲೇ ಓಡಿಬಂದರು. ವಿಷಯ ತಿಳಿದದ್ದೇ, "ಇಷ್ಟೇನಾ? ಪ್ಲಗ್ ಕಿತ್ತು ಉಲ್ಟಾ ಹಾಕಿ, ಹೋದದ್ದು ಹಾಗೇ ವಾಪಸ್ ಬರತ್ತೆ" ಅಂದರು. ಗಾಬರಿಯಲ್ಲಿದ್ದ ಅಳಿಯ ಹಾಗೇ ತುರುಕಿದ. ಚಟ್ ಎಂದು ಕಿಡಿ ಹಾರಿತು, ಫ್ಯಾನ್ ನಿಂತಿತು, ಮನೆಯ ಫ್ಯೂಸ್ ಹೋಯಿತು. ಏಜೆಂಟರು ಎರಡು ಹೆಜ್ಜೆ ಹಿಂದೆ ಸರಿದು, "ಅಂದಹಾಗೆ, ವಿಮೆ ಮಾಡಿಸಿದೀರಾ?" ಎಂದು ಕೇಳಿದರು.

ಅಳಿಯ ಕಂಪ್ಯೂಟರ್ ಡಬ್ಬವನ್ನು ಎತ್ತಿ ಎದೆಗವಚಿಕೊಂಡ. ಮಾವ ಬಾಗಿಲಿಗೆ ಅಡ್ಡ ನಿಂತರು.

"ಬಿಡಿ ಅಳಿಯಂದ್ರೇ, ಹೋದದ್ದು ಹೋಯ್ತು. ನಾನೇನಾದ್ರೂ ಬೈದೆನಾ? ಅಷ್ಟು ಭಾರ ಎತ್ಬೇಡಿ, ಸೊಂಟ ಹಿಡಿಯತ್ತೆ."

ಇಂಥ ದೊಡ್ಡ ಮನಸ್ಸಿನ ಮನುಷ್ಯನನ್ನು ಇಷ್ಟು ದಿನ ತಪ್ಪು ತಿಳಿದೆನಲ್ಲಾ ಎಂದು ಅಳಿಯನ ಕಣ್ಣಲ್ಲಿ ನೀರೇ ಬಂತು. ಪ್ರಾಣ ಹೋದರೂ ಸರಿ, ಫೋಟೋ ತಂದೇ ತರುತ್ತೇನೆ ಎಂದು ಅವರ ಕಂಕುಳಡಿ ನುಸುಳಿ ಮೆಟ್ಟಿಲಿಳಿದ.

ರಿಪೇರಿ ಅಂಗಡಿಯವನು ಡಬ್ಬ ಬಿಚ್ಚಿ ನೋಡಿದ. "ಅಳಿಸಿದ ಮೇಲೆ ಹೊಸದೇನೂ ತುಂಬಿಲ್ವಲ್ಲ? ಬದುಕಿದ್ರಿ. ಸಿಗತ್ತೆ."

ಸಂಜೆಯವರೆಗೆ ಅಳಿಯ ಸ್ಟೂಲಿನ ಮೇಲೆ ಉಗುರು ಕಚ್ಚುತ್ತ ಕೂತ. ಕೊನೆಗೆ ಪರದೆಯ ಮೇಲೆ ಸಾಸಿವೆಯಷ್ಟು ಸಣ್ಣ ಚಿತ್ರಗಳು ಸಾಲಾಗಿ ಮೂಡಿದವು. ಬಣ್ಣ ಬಣ್ಣದ ಬಟ್ಟೆಗಳು ಕಂಡವು. ಅವನಿಗೆ ಅಷ್ಟೇ ಸಾಕಾಯಿತು. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಗೆದ್ದ ಕುಸ್ತಿಪಟುವಿನ ಹಾಗೆ ಮಾವನ ಮನೆ ಹೊಕ್ಕ.

"ಸಿಕ್ಕಿದ್ವು ಮಾವ! ಒಂದೂ ಬಿಡದೆ ಸಿಕ್ಕಿದ್ವು!"

ಮಾವನ ಮುಖ ಬಿಳಿಚಿಕೊಂಡಿತು. ಖುಷಿಗೆ ಹಾಗಾಗಿದೆ ಎಂದುಕೊಂಡ ಅಳಿಯ. ಫ್ಯೂಸ್ ಕಟ್ಟಿಸಿಕೊಂಡು ಕಾಯುತ್ತಿದ್ದ ಟೀಚರ್ ಮತ್ತು ಏಜೆಂಟರು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡರು.

ಮೊದಲ ಫೋಟೋ ಬಂತು. ಒಂದು ಒಳ್ಳೆಯ ಕೋಟು, ಪಕ್ಕದಲ್ಲಿ ಒಂದು ಒಳ್ಳೆಯ ರೇಷ್ಮೆ ಬಟ್ಟೆ. ಕೋಟಿನ ಮೇಲೆ ಕುತ್ತಿಗೆ. ಕುತ್ತಿಗೆಯ ಮೇಲೆ ಟಿವಿಯ ಅಂಚು.

ಎರಡನೆಯದು ಬೀಗರ ಗುಂಪು. ಎಲ್ಲರ ಚಪ್ಪಲಿಗಳೂ ಸ್ಪಷ್ಟವಾಗಿ ಬಂದಿದ್ದವು. ಮೂರನೆಯದರಲ್ಲಿ ಸ್ವತಃ ಟೀಚರ್, ಭುಜದವರೆಗೆ. ಮಾವ ಒಬ್ಬರನ್ನೂ ಬಿಟ್ಟಿರಲಿಲ್ಲ ನಿಜ, ಬಿಟ್ಟದ್ದು ತಲೆಗಳನ್ನು ಮಾತ್ರ. ಅಳಿಯ ಬೆಚ್ಚಿಬಿದ್ದ.

ಮಾವ ಅವನ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಡಿದರು. "ಎರಡು ತಿಂಗಳಿಂದ ಕಂಪ್ಯೂಟರ್ ನಿಧಾನ ಅಂತ ಮರ್ಯಾದೆ ಉಳಿಸ್ಕೊಂಡಿದ್ದೆ. ಬೆಳಿಗ್ಗೆ ನೀವು ಕೇಳಿದ್ದು ನನಗೆ ಅರ್ಥ ಆಗ್ಲಿಲ್ಲ ಅಂದ್ಕೊಂಡ್ರಾ?"

ಅಳಿಯ ಗಡಬಡಿಸಿ ಮುಂದಿನ ಫೋಟೋ ಒತ್ತಿದ. ಅದರಲ್ಲೂ ತಲೆಯಿರಲಿಲ್ಲ.

"ಇದೇನ್ರೀ ಇದು?" ಟೀಚರ್ ಚೀರಿದರು. "ನನ್ನ ಮಗಳ ತಲೆ ಎಲ್ಲಿ?"

ಮಾವ ಗಂಟಲು ಸರಿಮಾಡಿಕೊಂಡರು. "ನಾನು ತೆಗೆದಾಗ ಎಲ್ಲರಿಗೂ ತಲೆ ಇತ್ತು ಟೀಚರೇ. ಅಳಿಸಿಹೋದದ್ದನ್ನ ಇವರು ಕೆಳಗಿಂದ ಮೇಲಕ್ಕೆ ವಾಪಸ್ ತರ್ತಾ ಇದಾರೆ. ಸದ್ಯಕ್ಕೆ ಕುತ್ತಿಗೆವರೆಗೆ ಬಂದಿದೆ."

"ಹೌದೌದು," ಏಜೆಂಟರು ತಲೆದೂಗಿದರು, "ಅರ್ಧಕ್ಕೆ ನಿಂತ್ರೆ ಹಾಗೇ ಆಗೋದು."

"ಆದ್ರೂ ನಮ್ಮ ಅಳಿಯಂದ್ರು ಭಾರಿ ಬುದ್ಧಿವಂತರು" ಎಂದು ಮಾವ ಅವನ ಬೆನ್ನ ಮೇಲೆ ಬಲವಾಗಿಯೇ ಗುದ್ದಿದರು. "ಇಷ್ಟು ತಂದವರು ಉಳಿದದ್ದನ್ನೂ ತರ್ತಾರೆ."

ಟೀಚರ್ ಕಣ್ಣೊರೆಸಿಕೊಂಡು, ಸೋಫಾದ ಮೇಲೆ ಕಾಲು ಮಡಚಿ ಗಟ್ಟಿಯಾಗಿ ಕೂತರು. "ನಿಧಾನಕ್ಕೇ ಮಾಡಪ್ಪಾ, ನಾನೇನೂ ಎದ್ದು ಹೋಗಲ್ಲ. ಮೊದಲು ನನ್ನ ಮಗಳ ತಲೆ ತಾ, ಆಮೇಲೆ ಹುಡುಗನದು. ಬೀಗರದ್ದು ಕೊನೆಗೆ ತಂದ್ರೂ ನಡೆಯತ್ತೆ."